ನಾಲ್ಕನೆಯ ದಿನದ ಮೀನು

ಫ್ಲಾರೆನ್ಸಿಗೆ ಬಂದವರು ಅಲ್ಲಿ ಎಷ್ಟು ದಿನ ಇರಬೇಕು ಎಂಬುದನ್ನು ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ ಎಂದು ನಂಬಿದವರು ಯಾರಾದರೂ ಇದ್ದರೆ, ಅವರು ಫೋಸ್ಕಾ ನೆಂಚೋನಿಯ ಮನೆಯಲ್ಲಿ ಇಳಿದುಕೊಂಡವರಲ್ಲ. ನದಿಯ ಈಚೆ ದಡದಲ್ಲಿ, ಸಾಂತೋ ಸ್ಪಿರಿತೋ ಚೌಕದ ಹಿಂದಿನ ಓಣಿಯಲ್ಲಿ, ಮೂರನೆಯ ಮಹಡಿಯ ಮೇಲೆ ಅವಳದು ನಾಲ್ಕು ಕೋಣೆಗಳ ತಂಗುಮನೆ. ಎಪ್ಪತ್ತೆರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತವರ ಮುಖವನ್ನು ಅವಳು ನೋಡುತ್ತಿರಲಿಲ್ಲ. ಮೊದಲು ಬೂಟು ನೋಡುತ್ತಿದ್ದಳು, ಆಮೇಲೆ ಜೊತೆಗೆ ಯಾರಿದ್ದಾರೆಂದು ನೋಡುತ್ತಿದ್ದಳು, ಆಮೇಲೆ ತೀರ್ಪು ಕೊಡುತ್ತಿದ್ದಳು.

ಹೊಸದಾಗಿ ಮದುವೆಯಾದ ಜೋಡಿ ಬಂದರೆ, "ಎರಡೇ ದಿನ. ನೀವು ಚಿತ್ರ ನೋಡೋ ಸ್ಥಿತೀಲಿಲ್ಲ, ಚಿತ್ರಗಳೇ ನಿಮ್ಮನ್ನ ನೋಡಿ ನಾಚ್ಕೋತವೆ. ಸಮುದ್ರದ ಕಡೆ ಹೋಗಿ" ಎನ್ನುವಳು. ಮೆಟ್ಟಿಲಿನಿಂದಲೇ ಜಗಳವಾಡಿಕೊಂಡು ಬಂದ ಗಂಡಹೆಂಡಿರಿಗೆ, "ಐದು ದಿನಕ್ಕೆ ಒಂದು ಕಮ್ಮಿ ಆಗ್ಬಾರ್ದು. ಮೂರನೇ ದಿನ ದೊಡ್ಡ ಜಗಳ ಆಗತ್ತೆ, ನಾಲ್ಕನೇ ದಿನ ಮಾತಿರಲ್ಲ, ಐದನೇ ದಿನ ನಗ್ತಾ ಹೋಗ್ತೀರಿ. ನಾಲ್ಕಕ್ಕೇ ಹೊರಟ್ರೆ ನೆಟ್ಟಗೆ ವಕೀಲರ ಮನೆಗೇ ಹೋಗ್ತೀರಿ" ಎನ್ನುವಳು. ಎಂಬತ್ತು ಚರ್ಚುಗಳ ಪಟ್ಟಿ ಹಿಡಿದುಕೊಂಡು ಬಂದ ಪ್ರೊಫೆಸರರೊಬ್ಬರಿಗೆ, "ಒಂದು ದಿನ ಇರಿ, ಇಲ್ಲಾ ಸಾಯೋವರೆಗೂ ಇಲ್ಲೇ ಇರಿ. ನಡುವಿಂದು ಯಾವ್ದೂ ನಿಮಗೆ ಆಗಿಬರಲ್ಲ" ಎಂದಿದ್ದಳು. ಅವರು ನೊಂದುಕೊಂಡು ಒಂದೇ ದಿನ ಇದ್ದು ಹೋದರು. ಮಧ್ಯಾಹ್ನದೊಳಗೆ ಊರನ್ನೆಲ್ಲ ನೋಡಿ ಮುಗಿಸಬೇಕು ಎಂದ ಒಬ್ಬನಿಗೆ ಚೀಲವನ್ನು ಕೆಳಗಿಡಲಿಕ್ಕೂ ಬಿಟ್ಟಿರಲಿಲ್ಲ.

ಕೆಳಗೆ ಕಾಫಿ ಅಂಗಡಿ ಇಟ್ಟಿರುವ ನೆಲ್ಲೋ ಅವಳ ಜೊತೆ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವನು. ಅವನಿಗೆ ಅವಳನ್ನು ಕೆಣಕುವುದೇ ಒಂದು ಉದ್ಯೋಗ.

"ಏನೇ ಡಾಕ್ಟ್ರಮ್ಮ, ಇವತ್ತು ಯಾರ್ಯಾರಿಗೆ ಎಷ್ಟೆಷ್ಟು ದಿನ ಬರ್ಕೊಟ್ಟೆ?"

"ಫ್ಲಾರೆನ್ಸು ಜಾಸ್ತಿ ಆದ್ರೂ ಕಾಯಿಲೆ ಕಣೋ, ಕಮ್ಮಿ ಆದ್ರೂ ಕಾಯಿಲೆ. ಹೋದ ವಾರ ಒಬ್ಳು ಚಿತ್ರ ನೋಡಿ ನೋಡಿ ತಲೆ ಸುತ್ತಿ ಬಿದ್ಲು. ನಾನು ಮೂರು ದಿನ ಅಂದಿದ್ದೆ, ಆರು ದಿನ ಇದ್ಳು. ಅನುಭವಿಸ್ಲಿ."

ಹೀಗೆ ಮೂವತ್ತೊಂದು ವರ್ಷ. ಅವಳಿಗೀಗ ಅರವತ್ತನಾಲ್ಕು. ಅಪ್ಪ ಚಿತ್ರದ ಚೌಕಟ್ಟುಗಳಿಗೆ ಚಿನ್ನದ ರೇಕು ಅಂಟಿಸುವ ಕೆಲಸದವನು. ಆ ಊರಿನಲ್ಲೇ ಹುಟ್ಟಿ ಅಲ್ಲೇ ಸತ್ತರೂ ಅವನು ಒಂದು ದಿನವೂ ದೊಡ್ಡ ಚಿತ್ರಶಾಲೆಯೊಳಗೆ ಕಾಲಿಟ್ಟವನಲ್ಲ. "ಒಳಗಿರೋದು ಅವರ ಕೆಲಸ, ಸುತ್ತ ಇರೋದು ನಮ್ಮ ಕೆಲಸ. ನಮ್ಮದನ್ನ ನಾನು ಮನೇಲೇ ನೋಡಿದೀನಿ" ಎನ್ನುತ್ತಿದ್ದ. ಫೋಸ್ಕಾಗೆ ಅಪ್ಪನಿಂದ ಬಂದದ್ದು ಆ ನಾಲಿಗೆ, ಈ ಮನೆ, ಮತ್ತು ಬಾಗಿಲ ಪಕ್ಕದ ಗೋಡೆಯಲ್ಲಿ ಅವನು ಟೋಪಿ ನೇತುಹಾಕುತ್ತಿದ್ದ ಒಂದು ಮೊಳೆ. ಅವನು ಹೋದ ಮೇಲೆ ಆ ಮೊಳೆಗೆ ಯಾರೂ ಏನನ್ನೂ ತೂಗುಹಾಕುವಂತಿರಲಿಲ್ಲ. ಬಂದವರ ಕೋಟು ಟೋಪಿಗಳಿಗೆ ಬೇರೆ ಗೂಟವಿತ್ತು.

ಮೊಳೆಯ ಕೆಳಗೆ ಸಿಮೆಂಟಿನಲ್ಲಿ ಕೂರಿಸಿದ ಒಂದು ಬಣ್ಣದ ಹಂಚು. ನೀಲಿ ಅಂಚಿನ ನಡುವೆ ಒಂದು ಮೀನಿನ ಚಿತ್ರ, ಅದರ ಸುತ್ತ ಒಂದು ಗಾದೆ: ನೆಂಟನೂ ಮೀನೂ ಒಂದೇ, ಮೂರು ದಿನ ದಾಟಿದರೆ ನಾರುತ್ತವೆ. ಅಲ್ಲಿ ಇಂಥ ಹಂಚು ಮನೆಮನೆಯಲ್ಲಿ ಇರುತ್ತದೆ, ಸಂತೆಯಲ್ಲೂ ಸಿಗುತ್ತದೆ. ಇದನ್ನು ಹಾಕಿಸಿದವಳು ಫೋಸ್ಕಾಳ ಅಮ್ಮ. ಪ್ರಾತೋ ಊರಿನ ಚಿಕ್ಕಮ್ಮ ಒಬ್ಬಳು ಕ್ರಿಸ್‌ಮಸ್ಸಿಗೆ ಬಂದವಳು ಈಸ್ಟರ್ ಕಳೆದರೂ ಹೊರಡದೇ ಇದ್ದಾಗ, ಬಾಯಿಬಿಟ್ಟು ಹೇಳಲಾರದೆ ಅಮ್ಮ ಮೇಸ್ತ್ರಿಯನ್ನು ಕರೆಸಿ ಗೋಡೆಗೆ ಹಂಚು ಕೂರಿಸಿದಳು. ಅಮ್ಮನ ದುರದೃಷ್ಟಕ್ಕೆ ಚಿಕ್ಕಮ್ಮನಿಗೆ ಓದಲು ಬರುತ್ತಿರಲಿಲ್ಲ. ಅವಳು ಇನ್ನೂ ಎರಡು ತಿಂಗಳು ಇದ್ದು, ಮೀನಿನ ಚಿತ್ರ ಬಹಳ ಚೆನ್ನಾಗಿದೆ ಎಂದು ಹೊಗಳಿ ಹೋದಳು.

ಫೋಸ್ಕಾಗೆ ಮದುವೆಯೂ ಆಗಿತ್ತು. ಗಂಡ ದೀನೋ, ಅಣ್ಣನ ದೋಣಿ ರಿಪೇರಿಗೆಂದು ಎರಡು ದಿನಕ್ಕೆ ಲಿವೋರ್ನೋಗೆ ಹೊರಟವನು. ಅವನ ಚೀಲ ಎರಡು ದಿನದ ಚೀಲದಂತೆ ಕಾಣದಿದ್ದುದರಿಂದ ಅವಳು ಮೆಟ್ಟಿಲಲ್ಲಿ ನಿಂತು, "ಹೋಗ್ಬೇಡ, ಇರು" ಎಂದಿದ್ದಳು. ಅವನು ಹೋದ. ಇಪ್ಪತ್ತೆಂಟು ವರ್ಷವಾಯಿತು, ದೋಣಿ ಇನ್ನೂ ರಿಪೇರಿಯಾಗಿಲ್ಲ. ಅವನು ಹೋದದ್ದಕ್ಕಿಂತ ತಾನು ಆ ಮಾತು ಆಡಿದೆನಲ್ಲ ಎಂಬುದೇ ಅವಳಿಗೆ ಹೆಚ್ಚು ಉರಿಯಿತು. ಅಂದಿನಿಂದ ಬಂದವರಿಗೆ ಎಷ್ಟು ದಿನ ಎಂದು ಹೇಳುತ್ತಾಳೆಯೇ ಹೊರತು, ಯಾರಿಗೂ "ಇರು" ಎಂದವಳಲ್ಲ. ಎರಡಕ್ಕೂ ಅಜಗಜಾಂತರವಿದೆ ಎಂದು ಅವಳ ವಾದ.

ಹದಿಮೂರು ವರ್ಷದ ಹಿಂದೆ, ನವೆಂಬರಿನ ಒಂದು ಮಂಗಳವಾರ, ಡೆಲ್ಫೀನೋ ರವೇರಾ ಆ ಎಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದ. ಉತ್ತರದ ಬೆಟ್ಟಸೀಮೆಯ ಕೂನಿಯೋ ಊರಿನವನು, ಹೆಂಡತಿ ತೀರಿಕೊಂಡವನು, ರೈಲ್ವೆಯಲ್ಲಿ ವೇಳಾಪಟ್ಟಿ ಸಿದ್ಧಪಡಿಸುತ್ತಿದ್ದು ಆಗಷ್ಟೇ ನಿವೃತ್ತನಾದವನು. ಆ ಸೀಮೆಯವರ ಮರ್ಯಾದೆ ಹೇಳತೀರದು. ಬಾಗಿಲಿಗೆ ಭುಜ ತಗುಲಿದರೆ ಬಾಗಿಲಿಗೆ ಕ್ಷಮಿಸಿ ಎನ್ನುವ ಜನ. ಫ್ಲಾರೆನ್ಸಿನವರೋ, ಬಾಗಿಲನ್ನೇ ಬೈಯುವವರು.

ಫೋಸ್ಕಾ ಎಂದಿನಂತೆ ಬೂಟು ನೋಡಿದಳು. ಕನ್ನಡಿಯಂತೆ ಹೊಳೆಯುವ ಬೂಟು, ಎರಡೂ ಕಡೆ ಸಮವಾಗಿ ಕಟ್ಟಿದ ಲೇಸು. ಆ ಬೂಟು ಏನನ್ನೂ ಹೇಳಲಿಲ್ಲ. ಜೊತೆಗೆ ಯಾರೂ ಇರಲಿಲ್ಲ.

"ತೊಂದ್ರೆ ಇಲ್ದಿದ್ರೆ ಒಂದ್ ಮಾತು ಕೇಳ್ತೀನಿ, ಸಿನ್ಯೋರಾ. ಈ ಊರನ್ನ ಸರಿಯಾಗಿ ನೋಡೋಕೆ ಎಷ್ಟು ದಿನ ಬೇಕು?"

ಅವಳು ಬೂಟಿನ ಮೇಲಿಂದ ಕಣ್ಣು ತೆಗೆಯದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ನಲವತ್ತೆರಡು."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ರವೇರಾ ತಲೆಯಾಡಿಸಿದ. ಅವನ ಕಣ್ಣು ಗೋಡೆಯ ಮೇಲೆ ಒಂದು ಕ್ಷಣ ನಿಂತು ವಾಪಸು ಬಂತು. "ಅಂದ್ರೆ ವರ್ಷಕ್ಕೆ ಮೂರರಂತೆ ಹದಿನಾಲ್ಕು ವರ್ಷ. ಆಗ್ಬಹುದು" ಎಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಅವನು ತಮಾಷೆ ಮಾಡುವ ಊರಿನವನೇ ಅಲ್ಲ ಎಂದು ತಿಳಿಯಲು ಅವಳಿಗೆ ಮೂರು ನವೆಂಬರ್ ಬೇಕಾಯಿತು.

ಪ್ರತಿ ವರ್ಷವೂ ಅದೇ ಮಂಗಳವಾರ, ಏಕೆಂದರೆ ಸೋಮವಾರ ಚಿತ್ರಶಾಲೆಗಳಿಗೆ ಬೀಗ. ಅದೇ ಹಿಂದಿನ ಕೋಣೆ. ಕೈಯಲ್ಲಿ ರಮ್ ತುಂಬಿದ ಚಾಕೊಲೇಟಿನ ಒಂದು ಪೆಟ್ಟಿಗೆ. "ನಾನು ಸಿಹಿ ತಿನ್ನಲ್ಲ" ಎಂದು ಅವಳು ಪ್ರತಿ ಸಲವೂ ಹೇಳುವಳು, ಪೆಟ್ಟಿಗೆ ಭಾನುವಾರದೊಳಗೆ ಖಾಲಿಯಾಗುವುದು. ದಿನಕ್ಕೆ ಒಂದೇ ಕೋಣೆ, ಕೆಲವೊಮ್ಮೆ ಒಂದೇ ಗೋಡೆ ನೋಡಿ ಬರುತ್ತಿದ್ದ. ಸಂಜೆ ಊಟದ ಮೇಜಿಗೆ ಕೂತು, ಯಾವ ದೇವದೂತನ ಕಾಲ್ಬೆರಳು ಸರಿಯಾಗಿಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದ. ಅಲ್ಲಿಯ ಬ್ರೆಡ್ಡಿಗೆ ಉಪ್ಪು ಹಾಕುವ ಪದ್ಧತಿಯಿಲ್ಲ. ಉಳಿದ ಸೀಮೆಯವರೆಲ್ಲ ಅದನ್ನು ಬಾಯಿಗಿಟ್ಟು ಮುಖ ಹಿಂಡುತ್ತಾರೆ. ರವೇರಾ ಮುಖ ಹಿಂಡುತ್ತಿರಲಿಲ್ಲ. ಅವಳು ಒಲೆಯ ಕಡೆ ತಿರುಗಿದಾಗ ಜೇಬಿನಿಂದ ಚಿಕ್ಕ ಡಬ್ಬಿ ತೆಗೆದು ಚಿಟಿಕೆ ಉಪ್ಪು ಉದುರಿಸಿಕೊಳ್ಳುತ್ತಿದ್ದ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ತಟ್ಟೆ ಕಿತ್ತುಕೊಳ್ಳುತ್ತಿದ್ದವಳು, ಇವನು ಉದುರಿಸಿ ಮುಗಿಸುವ ತನಕ ಒಲೆಯ ಮುಂದೆ ಸುಮ್ಮನೆ ಸೌಟು ಆಡಿಸುತ್ತ ನಿಲ್ಲುತ್ತಿದ್ದಳು.

ಇನ್ನು ಸುತ್ತಿ ಬಳಸಿ ಹೇಳುವುದೇಕೆ? ಫೋಸ್ಕಾಗೆ ಅವನ ಮೇಲೆ ಮನಸ್ಸಾಗಿತ್ತು. ವರ್ಷದಲ್ಲಿ ಮೂರು ದಿನ ಅವಳು ಬೈಗುಳ ಕಡಿಮೆ ಮಾಡುತ್ತಿದ್ದಳು, ಕಿವಿಗೆ ಅಮ್ಮನ ಹವಳ ಹಾಕುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ರವೇರಾ ಟೋಪಿ ತಲೆಗಿಟ್ಟು, ಒಂಬತ್ತು ಗಂಟೆ ಹನ್ನೆರಡು ನಿಮಿಷದ ರೈಲಿಗೆ ಹೊರಟುಬಿಡುತ್ತಿದ್ದ. ಇನ್ನೊಂದು ದಿನ ಎಂದು ಅವನು ಕೇಳಲಿಲ್ಲ. ಕೇಳದವನಿಗೆ ಅವಳು ಹೇಳಲಿಲ್ಲ.

"ಕೂನಿಯೋದಲ್ಲಿ ಯಾರೋ ಇದಾಳೆ ಕಣೇ" ಎಂದು ನೆಲ್ಲೋ ಉರಿಯುವ ಬೆಂಕಿಗೆ ಎಣ್ಣೆ ಸುರಿಯುತ್ತಿದ್ದ. "ಇಲ್ದಿದ್ರೆ ಯಾವ ಗಂಡಸು ನಿನ್ನ ಶುಕ್ರವಾರದ ಮೀನು ಬಿಟ್ಟು ರೈಲು ಹತ್ತುತಾನೆ?"

ಆ ಮೀನಿನ ಮಾತು ನಿಜ. ಓಣಿಯಲ್ಲಿ ಶುಕ್ರವಾರವೆಂದರೆ ಬಕಾಲಾ, ಅಂದರೆ ಉಪ್ಪು ತುಂಬಿ ಒಣಗಿಸಿದ ದೊಡ್ಡ ಕಡಲಮೀನು. ಟೊಮೆಟೊ, ಬೆಳ್ಳುಳ್ಳಿ ಹಾಕಿ ಅವಳು ಮಾಡುವ ಬಗೆ ಲಿವೋರ್ನೋದ್ದು. ಆದರೆ ಆ ಊರಿನ ಹೆಸರನ್ನು ಅವಳ ಅಡುಗೆಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ನೆಲ್ಲೋ ಅಂಗಡಿಗೆ ಬಾಗಿಲೆಳೆದು ಮೇಲೆ ಬಂದು ಎರಡು ತಟ್ಟೆ ಹೊಡೆಯುವನು. ರವೇರಾ ಹದಿಮೂರು ವರ್ಷ ಅದರ ವಾಸನೆಯನ್ನೂ ನೋಡಿದವನಲ್ಲ.

ಈ ಸಲ ಅಕ್ಟೋಬರಿನಲ್ಲಿ ಕಾಗದ ಬಂತು. ಫೋಸ್ಕಾ ಅದನ್ನು ಕಾಫಿ ಅಂಗಡಿಯಲ್ಲಿ ನಿಂತೇ ಓದಿದಳು. ಎಂದಿನಂತೆ ಮಂಗಳವಾರ ಬರುತ್ತೇನೆ, ಇದು ಹದಿನಾಲ್ಕನೆಯ ಸಲ, ಇದರೊಂದಿಗೆ ತಾವು ಹೇಳಿದ ನಲವತ್ತೆರಡು ದಿನ ಪೂರ್ತಿಯಾಗುತ್ತದೆ, ಇಷ್ಟು ವರ್ಷ ಸಹಿಸಿಕೊಂಡದ್ದಕ್ಕೆ ಕೃತಜ್ಞತೆಗಳು ಎಂದಿತ್ತು. ಅವಳ ಕಾಫಿ ಆರಿಹೋಯಿತು.

"ಮುಗೀತಂತೆ ಕಣೋ."

"ಏನು ಮುಗೀತು?"

"ಊರು."

ನೆಲ್ಲೋ ಕಾಗದ ಓದಿ ಕನ್ನಡಕ ತೆಗೆದ. ಮೊದಲ ಸಲ ಅವನಿಗೆ ನಗಲಾಗಲಿಲ್ಲ. "ಹೇಳ್ಬಿಡೇ ಮಾರಾಯ್ತಿ. ಊರವರಿಗೆಲ್ಲ ಹೇಳ್ತೀಯ, ಅವನಿಗೆ ಒಂದು ಮಾತು ಹೇಳೋಕೆ ಏನು ಕಷ್ಟ?"

"ಒಂದ್ಸಲ ಒಬ್ಬನಿಗೆ ಹೇಳಿದ್ದೆ. ಸಾಕು."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ. ಫೋಸ್ಕಾಳ ಕಥೆ ಅದೇ ಆಗಿತ್ತು.

ಅವನು ಬಂದ ಮಂಗಳವಾರದಿಂದಲೇ ಅವಳು ಉಪಾಯ ಶುರುಮಾಡಿದಳು. ಬಾಯಿಬಿಟ್ಟು ಇರಿ ಎನ್ನದೆ ಇರಿಸಿಕೊಳ್ಳುವ ಉಪಾಯ.

"ಕಾರ್ಮಿನೇ ಚರ್ಚಿನ ಎಡಗಡೆ ಗೋಡೆ ನೋಡಿದ್ರಾ?"

"ಎಂಟನೇ ವರ್ಷ, ಎರಡನೇ ದಿನ, ಬೆಳಿಗ್ಗೆ, ಸಿನ್ಯೋರಾ."

"ಮೇಲಿನ ಗುಡ್ಡದ ಚರ್ಚು?"

"ಐದನೇ ವರ್ಷ. ಮಳೆ ಇತ್ತು. ಅದಕ್ಕೇ ಒಂಬತ್ತನೇ ವರ್ಷ ಇನ್ನೊಂದ್ಸಲ ನೋಡ್ದೆ."

ಬುಧವಾರ ಅವಳು ಇಲ್ಲದ ಒಂದು ಮಠವನ್ನೇ ಸೃಷ್ಟಿಸಿದಳು. ಅವನು ಪಾಪ, ಮಧ್ಯಾಹ್ನವೆಲ್ಲ ಅದನ್ನು ಹುಡುಕಿ ಬಂದು, "ಕ್ಷಮಿಸಿ, ನನಗೇ ದಾರಿ ತಿಳೀಲಿಲ್ಲ ಅಂತ ಕಾಣತ್ತೆ" ಎಂದ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವಳಿಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಕೆಳಗೆ ಹೋಗಿ ನೆಲ್ಲೋನ ಮೇಲೆ ತೀರಿಸಿಕೊಂಡು ಬಂದಳು.

ಗುರುವಾರ ಸಂಜೆ ಬಿಳಿ ಬೀನ್ಸ್ ಕಾಳು, ಸೊಪ್ಪಿನ ಸೂಪು, ಅದರ ಮೇಲೆ ಆ ವರ್ಷದ ಹೊಸ ಆಲಿವ್ ಎಣ್ಣೆ. ಮೇಜಿನಲ್ಲಿ ಅವರಿಬ್ಬರೇ. ರವೇರಾ ಚಮಚ ಕೆಳಗಿಟ್ಟು, ಭಾಷಣಕ್ಕೆ ನಿಂತವನ ಹಾಗೆ ಕೋಟಿನ ಗುಂಡಿ ಹಾಕಿಕೊಂಡ.

"ಸಿನ್ಯೋರಾ, ಒಂದ್ ವಿಷಯ ಹೇಳ್ಬೇಕು. ಹದಿನಾಲ್ಕು ವರ್ಷ ನಾನು ನಿಮ್ಮ ಮನೆ ನಿಯಮ ಒಂದ್ಸಲಾನೂ ಮೀರಿಲ್ಲ. ಮೀರ್ಬೇಕು ಅಂತ ತುಂಬಾ ಸಲ ಅನ್ನಿಸ್ತು, ನಿಜ ಹೇಳ್ತೀನಿ. ಹೋದ ವರ್ಷ ಮೆಟ್ಟಿಲ ಅರ್ಧಕ್ಕೆ ಹೋಗಿ ನಿಂತ್ಬಿಟ್ಟಿದ್ದೆ. ಆದ್ರೂ ಮೀರ್ಲಿಲ್ಲ."

"ಯಾವ ನಿಯಮಾರೀ?"

"ಬಾಗಿಲ ಹತ್ರ ಬರ್ಸಿದೀರಲ್ಲ."

ಫೋಸ್ಕಾಗೆ ಅರ್ಥವಾಗಲಿಲ್ಲ. ಬಾಗಿಲಿಗೆ ಹೋಗಿ ನೋಡಿ ಬಂದಳು. ಐವತ್ತು ವರ್ಷದಿಂದ ಅಲ್ಲೇ ಇದ್ದ ಆ ಹಂಚು ಅವಳ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಮೀನು ನಗುತ್ತಿರುವಂತೆ ಕಂಡಿತು. ಬೇರೆಯವರೆಲ್ಲ ನಕ್ಕು ಫೋಟೋ ತೆಗೆದುಕೊಂಡು ಹೋಗುವ ಆ ಗಾದೆಯನ್ನು ಈ ಪುಣ್ಯಾತ್ಮ ರೈಲ್ವೆಯ ಸುತ್ತೋಲೆಯಂತೆ ಓದಿಕೊಂಡಿದ್ದ. ಓದಲು ಬಾರದ ಚಿಕ್ಕಮ್ಮ ಆರು ತಿಂಗಳು ಇದ್ದಳು. ಓದಲು ಬಂದ ಇವನು ಮೂರು ದಿನ. ಅಮ್ಮಾ, ಎಂಥ ಕೆಲಸ ಮಾಡಿಟ್ಟು ಹೋದೆ ಎಂದು ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಆಗಲೇ ಹೇಳಿಬಿಡಬಹುದಿತ್ತು. ಅದೊಂದು ಗಾದೆ, ನಿಯಮವಲ್ಲ, ಇರಿ ಎಂದರೆ ಮುಗಿಯುತ್ತಿತ್ತು. ಆದರೆ "ಇರಿ" ಎಂಬುದು ಗಂಟಲಿನವರೆಗೆ ಬಂದು ಲಿವೋರ್ನೋದ ಚೀಲವನ್ನು ನೆನೆದು ಹಿಂದಕ್ಕೆ ಹೋಯಿತು. "ಸೂಪು ಆರ್ತಿದೆ" ಎಂದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿದೆ ಎನ್ನುವಾಗ ರವೇರಾ ಪೆಟ್ಟಿಗೆ ಹಿಡಿದು ಬಾಗಿಲಲ್ಲಿದ್ದ. ಟೋಪಿ ಕೈಯಲ್ಲಿತ್ತು. ಫೋಸ್ಕಾ ಅಡುಗೆಮನೆಯಿಂದ, ಅಂಗಳದಾಚೆಗೂ ಕೇಳುವ ಹಾಗೆ ಕೂಗಿದಳು.

"ಇಲ್ ಬನ್ನಿ ಒಂದ್ನಿಮಿಷ!"

ಅಡುಗೆಮನೆಗೆ ಬಂದವರನ್ನು ಬಿಟ್ಟುಕೊಳ್ಳುವ ಪದ್ಧತಿಯೇ ಆ ಮನೆಯಲ್ಲಿಲ್ಲ. ಅವನು ಹೊಸ್ತಿಲಲ್ಲಿ ನಿಂತು ಎರಡು ಸಲ ಕ್ಷಮೆ ಕೇಳಿ ಒಳಗೆ ಬಂದ. ಕಲ್ಲಿನ ತೊಟ್ಟಿಯಲ್ಲಿ ನೀರು ತುಂಬಿತ್ತು. ನಲ್ಲಿಯಿಂದ ದಾರದಂತೆ ನೀರು ಬೀಳುತ್ತಿತ್ತು. ನೀರಿನೊಳಗೆ ಬೆಳ್ಳಗೆ ಉಬ್ಬಿದ ದಪ್ಪ ತುಂಡುಗಳು.

"ಏನಿದು?" ಎಂದಳು, ಪರೀಕ್ಷೆ ಮಾಡುವ ಮೇಷ್ಟರಂತೆ.

"ಮೀನು."

"ಮಂಗಳವಾರ ನೀವು ಮೆಟ್ಟಿಲು ಹತ್ತೋ ಹೊತ್ತಿಗೆ ಇದನ್ನ ನೀರಿಗೆ ಹಾಕ್ದೆ. ಬಂದಾಗ ಹೆಂಗಿತ್ತು ಗೊತ್ತಾ? ಹಲಗೆ ಥರ. ಮೈಯೆಲ್ಲ ಉಪ್ಪು. ಬಾಯಿಗಿಟ್ರೆ ಹಲ್ಲು ಮುರೀತಿತ್ತು. ದಿನಕ್ಕೆ ನಾಲ್ಕು ಸಲ ನೀರು ಬದಲಾಯಿಸ್ದೆ. ಇವತ್ತಿಗೆ ಎಷ್ಟು ದಿನ ಆಯ್ತು?"

"ಮೂರು ಆಗಿದೆ, ಸಿನ್ಯೋರಾ."

"ಬಗ್ಗಿ. ಮೂಸಿ."

ಡೆಲ್ಫೀನೋ ರವೇರಾ ಕೋಟಿನ ತುದಿಯನ್ನು ಹಿಡಿದುಕೊಂಡು ತೊಟ್ಟಿಯ ಮೇಲೆ ಬಗ್ಗಿ ಮೂಸಿದ. ಆತುರಪಡಲಿಲ್ಲ. ಅವನು ಯಾವ ಕೆಲಸವನ್ನೂ ಆತುರದಿಂದ ಮಾಡಿದವನಲ್ಲ.

"ನಾರ್ತಾ ಇದೆಯಾ?"

"ಇಲ್ಲ."

"ಮೊದಲನೇ ದಿನ ತಿನ್ನೋಕಾಗಲ್ಲ. ಎರಡನೇ ದಿನ ಆಗಲ್ಲ. ಮೂರನೇ ದಿನಾನೂ ಉಪ್ಪುಪ್ಪು. ನಾಲ್ಕನೇ ದಿನಕ್ಕೇ ಇದು ಮೀನು ಅನ್ನಿಸ್ಕೊಳ್ಳೋದು. ಆ ಹಂಚು ಬರ್ದೋನಿಗೆ ಬಕಾಲಾ ಗೊತ್ತೇ ಇರ್ಲಿಲ್ಲ, ಪೆದ್ದ ನನ್ಮಗ!" ಎಂದು ಒಂದೇ ಉಸಿರಿಗೆ ಹೇಳಿ, ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದಳು. ಬಟ್ಟೆ ಅವಳ ಹೆಗಲ ಮೇಲೆಯೇ ಇತ್ತು.

ರವೇರಾ ಬಹಳ ಹೊತ್ತು ಮೀನನ್ನೇ ನೋಡಿದ. ಹದಿನಾಲ್ಕು ವರ್ಷ ಗೋಡೆಗಳ ಮೇಲಿನ ಚಿತ್ರಗಳನ್ನು ನೋಡಿದ ಅದೇ ನೋಟ.

"ಆದ್ರೆ ನಲವತ್ತೆರಡು ನಿನ್ನೆಗೆ ಮುಗೀತು" ಎಂದ. ದನಿಯಲ್ಲಿ ಬೇಸರವಿತ್ತು. ಲೆಕ್ಕವೆಂದರೆ ಲೆಕ್ಕ.

"ಅದು ನಿಮ್ಮ ಬೂಟಿನ ಅಳತೆ ಕಣ್ರೀ! ನೀವು ಕೇಳ್ದಾಗ ಬೂಟು ನೋಡ್ತಾ ಇದ್ದೆ. ನಲವತ್ತೆರಡರ ಕಾಲು ಅಂತ ಕಾಣ್ತು, ಬಾಯಿಗೆ ಬಂತು, ಹೇಳ್ಬಿಟ್ಟೆ. ನೀವು ಹದಿನಾಲ್ಕು ವರ್ಷ ಅದನ್ನ ಹಿಡ್ಕೊಂಡು ಕೂತ್ರಿ!"

ರವೇರಾ ತನ್ನ ಬೂಟು ನೋಡಿಕೊಂಡ. "ನಂದು ನಲವತ್ತಮೂರು" ಎಂದ.

ಆಮೇಲೆ ಅವನ ಮುಖ ನಿಧಾನವಾಗಿ ಅರಳಿತು. ಮೂವತ್ತೆಂಟು ವರ್ಷ ವೇಳಾಪಟ್ಟಿ ಬರೆದು ಒಂದು ನಿಮಿಷವನ್ನೂ ತಪ್ಪದ ಮನುಷ್ಯ, ಒಂದು ತಪ್ಪಿಗೆ ಇಷ್ಟು ಸಂತೋಷಪಟ್ಟದ್ದನ್ನು ಅವಳು ಮೊದಲ ಸಲ ನೋಡಿದಳು.

"ಹಾಗಾದ್ರೆ ಒಂದು ದಿನ ಬಾಕಿ ಇದೆ."

"ಇದೆ."

"ಊಟ ಎಷ್ಟೊತ್ತಿಗೆ?"

"ಒಂದು ಗಂಟೆಗೆ. ನೆಲ್ಲೋ ಬರ್ತಾನೆ, ಜಾಸ್ತಿ ತಿಂತಾನೆ, ಮೊದಲೇ ಬಡಿಸ್ಕೊಳ್ಳಿ."

ಅವನು ಪೆಟ್ಟಿಗೆಯನ್ನು ಮೇಜಿನ ಕಾಲಿನ ಹತ್ತಿರ ನೆಲದ ಮೇಲಿಟ್ಟ. ಟೋಪಿ ಮಾತ್ರ ಕೈಯಲ್ಲೇ ತಿರುಗುತ್ತಿತ್ತು. ಇನ್ನೂ ಒಂದು ಪ್ರಶ್ನೆ ಉಳಿದಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಆ ಸೀಮೆಯ ಮರ್ಯಾದೆಯನ್ನೆಲ್ಲ ಒಟ್ಟುಗೂಡಿಸಿಕೊಂಡು ಅವನು ಕೇಳಿಯೇಬಿಟ್ಟ.

"ತೊಂದ್ರೆ ಇಲ್ದಿದ್ರೆ ಹೇಳಿ, ಸಿನ್ಯೋರಾ. ಅದಾದ್ಮೇಲೆ ಎಷ್ಟು ದಿನ ಇರ್ಬೇಕು?"

ಫೋಸ್ಕಾ ರೂಢಿಯಂತೆ ಅವನ ಬೂಟು ನೋಡಿದಳು. ಜೊತೆಗೆ ಯಾರಿದ್ದಾರೆಂದು ನೋಡಿದಳು. ಜೊತೆಗೆ ತಾನಿದ್ದಳು. ಮೂವತ್ತೊಂದು ವರ್ಷ ಬಂದವರಿಗೆಲ್ಲ ಥಟ್ಟನೆ ಉತ್ತರ ಕೊಟ್ಟ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ನಂಗೊತ್ತಿಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. "ಟೋಪಿ ಹಾಕ್ಬನ್ನಿ, ಹೋಗಿ. ಗೂಟದ ಮೇಲಲ್ಲ. ಆ ಮೊಳೆಗೆ."

ಒಂದು ಗಂಟೆಗೆ ನೆಲ್ಲೋ ಬಂದು ಬಾಗಿಲಲ್ಲೇ ನಿಂತುಬಿಟ್ಟ. ಅವನ ತಲೆಯೊಳಗೆ ಎಷ್ಟು ತಮಾಷೆ ಹುಟ್ಟಿದವೋ, ಒಂದನ್ನೂ ಆಡಲಿಲ್ಲ, ಅವನೂ ಅಷ್ಟು ಮಟ್ಟಿಗೆ ದೊಡ್ಡ ಮನುಷ್ಯನೇ. ಈಗಲೂ ಆ ಎಪ್ಪತ್ತೆರಡು ಮೆಟ್ಟಿಲು ಹತ್ತಿ ಹೋದವರಿಗೆ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಹಂಚಿನ ನೀಲಿ ಅಂಚು ಕಾಣುತ್ತದೆ, ಮೀನಿನ ಬಾಲ ಕಾಣುತ್ತದೆ. ಏನು ಬರೆದಿದೆ ಎಂದು ಓದಲಾಗುವುದಿಲ್ಲ, ಅದರ ಮೇಲೆ ಒಂದು ಬೂದು ಬಣ್ಣದ ಟೋಪಿ ನೇತಾಡುತ್ತಿರುತ್ತದೆ.